ಎಡಗೈಗೆ ಎಟುಕುವ ಬಟನ್ನುಗಳು

ಫೆಬ್ರುವರಿ 3, ಸೋಮವಾರ

ರಜೆ ಹಾಕಿ ಮನೆಯಲ್ಲಿ ಕೂತವಳು ದಿನಕ್ಕೆ ನಾಲ್ಕು ಮಾತಾದರೂ ಆಡದಿದ್ದರೆ ಹುಚ್ಚು ಹಿಡಿಯುತ್ತದೆ. ಆಡೋಣವೆಂದರೆ ಎದುರಿಗಿರುವವರಿಗೆ ಮಾತಿಲ್ಲ. ಅದಕ್ಕೇ ಈ ಬರವಣಿಗೆ. ಕನ್ನಡದಲ್ಲಿ ನನ್ನ ಅಕ್ಷರ ಕೋಳಿಕಾಲಿನ ಹಾಗೆ, ನನ್ನ ಗಂಡ ಸಂತೋಷ್ ತಿಪ್ಪರಲಾಗ ಹಾಕಿದರೂ ಓದಲಾರ. ಒಳ್ಳೆಯದೇ ಆಯಿತು.

ಎದುರಿಗಿರುವವರು ಅವನ ಅಪ್ಪ, ನನ್ನ ಮಾವ, ದೇವೇಂದ್ರಪ್ಪ. ರಾಣೆಬೆನ್ನೂರಿನಲ್ಲಿ ಕೆಇಬಿ ಸೆಕ್ಷನ್ ಆಫೀಸರ್ ಆಗಿದ್ದವರು. ಅತ್ತೆ ತೀರಿಹೋದ ಮೇಲೆ ಫ್ರೀಮಾಂಟಿಗೆ ಬಂದು ನಮ್ಮ ಜೊತೆಗೇ ಇದ್ದಾರೆ. ಡಿಸೆಂಬರಿನಲ್ಲಿ ಸ್ಟ್ರೋಕ್ ಆಯಿತು. ಬಲಗೈ ಏಳುವುದಿಲ್ಲ. ಬಾಯಿ ತೆರೆದರೆ ‘ತ, ತ’ ಎನ್ನುವುದೊಂದೇ ಬರುತ್ತದೆ. ಹೌದು ಎನ್ನಲಿಕ್ಕೂ ಇಲ್ಲ ಎನ್ನಲಿಕ್ಕೂ ಒಂದೇ ಥರ ತಲೆ ಆಡಿಸುತ್ತಾರೆ.

ಇವತ್ತು ಬೆರ್ರಿಯೆಸಾದ ಕ್ಲಿನಿಕ್ಕಿಗೆ ಹೋಗಿದ್ದೆವು. ಸ್ಪೀಚ್ ಥೆರಪಿಸ್ಟ್ ಗ್ರೇಸ್ ಸಮಾಧಾನದ ಹೆಂಗಸು. ಮಾತು ಹೋಗಿರುವುದು ಖಚಿತ, ಅರ್ಥವಾಗುವುದು ಎಷ್ಟು ಉಳಿದಿದೆಯೋ ಗೊತ್ತಿಲ್ಲ, ಮಾರ್ಚ್ ಕೊನೆಯಲ್ಲಿ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದಳು. ತನಗೇನು ಬೇಕು ಎಂದು ಹೇಗಾದರೂ ತಿಳಿಸಬಲ್ಲರಾದರೆ ಥೆರಪಿ ಮುಂದುವರಿಯುತ್ತದೆ, ಹಗಲು ಯಾರನ್ನಾದರೂ ಇಟ್ಟುಕೊಂಡು ಮನೆಯಲ್ಲೇ ನೋಡಿಕೊಳ್ಳಬಹುದು. ಇಲ್ಲವಾದರೆ ಪ್ಲೆಸೆಂಟನ್‌ನಲ್ಲಿ ಇಂಥವರಿಗಾಗಿಯೇ ಇರುವ ಒಂದು ಕೇರ್ ಹೋಮು. ನನ್ನ ರಜೆಯೂ ಮಾರ್ಚ್ ಕೊನೆಗೇ ಮುಗಿಯುತ್ತದೆ.

ಊಟದ ಟೇಬಲ್ಲಿನಲ್ಲಿ ಸಂತೋಷ್ ಇದನ್ನೇ ಮಾತಾಡಿದ. “ಸುತ್ತ ಯಾರಿದಾರೆ ಅಂತಾನೇ ಗೊತ್ತಾಗಲ್ಲ ಅಂದ್ರೆ, ಎಲ್ಲಿದ್ರೇನು ಹರ್ಷಿತಾ?” ಮಾವ ಎದುರಿಗೇ ಕೂತು ಎಡಗೈಯಲ್ಲಿ ಸ್ಪೂನ್ ಹಿಡಿದು ಮೊಸರನ್ನ ತಿನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತು. ಆಫೀಸಿಗೆ ವಾಪಸು ಹೋದರೆ ಸಾಕಾಗಿದೆ.

ಫೆಬ್ರುವರಿ 6, ಗುರುವಾರ

ಗ್ರೇಸ್ ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟಿದ್ದಳು. ನೀರಿನ ಲೋಟ, ತಟ್ಟೆ, ಕಮೋಡು, ಅಳುವ ಮುಖ, ಕೆಳಗೆಲ್ಲ ಇಂಗ್ಲಿಷು. ಪೇಷಂಟು ಬೇಕಾದ್ದರ ಮೇಲೆ ಬೆರಳಿಡಬೇಕು. ಮಾವ ಅದನ್ನು ನೋಡಿ ಕರೆಂಟ್ ಬಿಲ್ಲಿನ ಹಾಗೆ ಮಡಚಿ ಪಕ್ಕಕ್ಕಿಟ್ಟರು.

ಛೆ, ಇದೇನು ಮಹಾ ಕೆಲಸ ಎಂದುಕೊಂಡೆ. ರಾಣೆಬೆನ್ನೂರಿನ ನೆಂಟರು ನಿನ್ನ ಕೆಲಸ ಏನಮ್ಮಾ ಎಂದು ಕೇಳಿದಾಗೆಲ್ಲ, ವೆಬ್‌ಸೈಟಿನಲ್ಲಿ ಕಣ್ಣಿಗೆ ಕಾಣೋದು, ಬೆರಳಿಗೆ ಸಿಗೋದು, ಅಷ್ಟನ್ನು ಮಾಡ್ತೀನಿ ಎಂದು ಹೇಳಿದ್ದೇನೆ. ಲಾಸ್ ಗ್ಯಾಟೋಸ್‌ನ ಆಫೀಸಿನಲ್ಲಿ ಅದಕ್ಕೇ ಸಂಬಳ. ಮಧ್ಯಾಹ್ನ ಕೂತು ಟ್ಯಾಬ್ಲೆಟ್ಟಿಗೆ ಒಂದು ಪುಟ ಬರೆದೆ. ಎಡಕ್ಕೊಂದು, ಬಲಕ್ಕೊಂದು, ಎರಡು ಸಾಲಿನಲ್ಲಿ ಬಟನ್ನುಗಳು: ನೀರು, ಊಟ, ಹೊಟ್ಟೆನೋವು, ಬಾತ್‌ರೂಮು, ಚಳಿ, ಮಲಗಬೇಕು. ಒತ್ತಿದರೆ ಟ್ಯಾಬ್ಲೆಟ್ಟೇ ಓದಿ ಹೇಳುತ್ತದೆ, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸಿನ ದನಿಯಲ್ಲಿ. ತಿಳಿ ಬೂದಿ ಬಣ್ಣ, ತೆಳ್ಳಗಿನ ಅಕ್ಷರ, ದುಂಡನೆಯ ಮೂಲೆ, ಬೆರಳು ಹತ್ತಿರ ಬಂದರೆ ಮೆಲ್ಲಗೆ ಉಬ್ಬುವ ಬಟನ್ನು.

ಒಂದೇ ಒಂದು ಎಡವಟ್ಟು. ‘ಹೊಟ್ಟೆ’ಯ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಇಡುವ ಹಾಗೆ ಇಟ್ಟಿದ್ದೆ, ಕನ್ನಡದ ಅಕ್ಷರಕ್ಕೆ ಕಾಲ ಕೆಳಗೂ ಜಾಗ ಬೇಕು. ಸರಿ ಮಾಡಿದೆ. ನೋಡಲು ತುಂಬಾ ಚೆನ್ನಾಗಿದೆ.

ಫೆಬ್ರುವರಿ 8, ಶನಿವಾರ

ಯೂಸರ್ ಮುಟ್ಟಲೇ ಇಲ್ಲ.

ಫೆಬ್ರುವರಿ 13, ಗುರುವಾರ

ಆಫೀಸಿನಲ್ಲಿ ಬೇರೆಯವರ ತಪ್ಪು ಹುಡುಕುವುದರಲ್ಲಿ ನಾನು ಎತ್ತಿದ ಕೈ. ಇವತ್ತು ನನ್ನದೇ ಪುಟವನ್ನು ಪರೀಕ್ಷೆಗೆ ಹಚ್ಚಿದೆ. ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಸಾಕಷ್ಟು ವ್ಯತ್ಯಾಸ ಇದೆಯೇ ಎಂದು ಅಳೆಯುವ ಪುಕ್ಕಟೆ ಸೈಟುಗಳಿವೆ. ನನ್ನ ಬೂದಿ ಬಣ್ಣ ಢಮಾರ್. ಕಡುಗಪ್ಪು ಅಕ್ಷರ, ಹಿಂದೆ ತಿಳಿ ಹಳದಿ ಮಾಡಿದೆ. ದೊಡ್ಡದಾಗಿ, ದಪ್ಪವಾಗಿ, ಅಂಗಡಿ ಬೋರ್ಡಿನ ಹಾಗೆ. ನನ್ನ ಮ್ಯಾನೇಜರ್ ನೋಡಿದರೆ ಅತ್ತೇಬಿಡುತ್ತಾಳೆ.

ಗ್ರೇಸ್‌ಗೆ ಫೋನ್ ಮಾಡಿದ್ದಕ್ಕೆ ಇನ್ನೊಂದು ಗೊತ್ತಾಯಿತು. ಈ ಥರದ ಸ್ಟ್ರೋಕಿನಲ್ಲಿ ಎಷ್ಟೋ ಜನರಿಗೆ ಬಲಗಡೆಯ ನೋಟವೂ ಹೋಗಿರುತ್ತದಂತೆ. ಅಂದರೆ ನನ್ನ ಬಲಗಡೆಯ ಸಾಲು ಮಾವನ ಪಾಲಿಗೆ ಇಲ್ಲವೇ ಇಲ್ಲ. ಎಲ್ಲವನ್ನೂ ಎಡಕ್ಕೆ ತಂದು ಒಂದೇ ಸಾಲಾಗಿ ನಿಲ್ಲಿಸಿದೆ, ಎಡಗೈಗೂ ಅದೇ ಅನುಕೂಲ. ಉಬ್ಬುವುದು ಗಿಬ್ಬುವುದು ತೆಗೆದುಹಾಕಿದೆ. ಅವರ ಬೆರಳು ನಡುಗಿ ಪಕ್ಕದ ಬಟನ್ನಿಗೆ ಜಾರುತ್ತದೆ. ಹಾಗಾಗಿ ಮುಟ್ಟಿದ ತಕ್ಷಣ ಅಲ್ಲ, ಬೆರಳು ಎತ್ತಿದಾಗ ಮಾತಾಡುವ ಹಾಗೆ ಬದಲಾಯಿಸಿದೆ.

ಫೆಬ್ರುವರಿ 17, ಸೋಮವಾರ

ಸಂತೋಷನಿಗೂ ರಜೆ. ಮಾವನಿಗೆ ಪುಟ ಈಗ ಕಾಣುತ್ತಿದೆ, ಅದು ನನಗೆ ಖಾತ್ರಿ. ಕಣ್ಣು ಮೇಲಿಂದ ಕೆಳಗೆ ಒಂದೊಂದೇ ಬಟನ್ನಿನ ಮೇಲೆ ನಿಂತು ಇಳಿಯುತ್ತದೆ. ಬೆರಳು ‘ನೀರು’ ತನಕ ಹೋಗುತ್ತದೆ, ಆಮೇಲೆ ವಾಪಸು ಬರುತ್ತದೆ. ಒತ್ತುವುದಿಲ್ಲ. ಬಾಯಾರಿದಾಗ ತಾವೇ ಎದ್ದು ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಎಡಗೈಯಲ್ಲಿ ಬಗ್ಗಿಸಿಕೊಂಡರು, ಅರ್ಧ ನೆಲಕ್ಕೆ ಚೆಲ್ಲಿತು. ಬಟ್ಟೆ ತಂದು ಒರೆಸುತ್ತಾ ಸಂತೋಷ್ ನನ್ನ ಮುಖ ನೋಡಿದ. ಅವನಿಗೆ ಬೇಕಾದ ಉತ್ತರ ಸಿಕ್ಕಿದ ಹಾಗಿತ್ತು ಆ ನೋಟ, ಆದರೆ ಖುಷಿಯೇನೂ ಇರಲಿಲ್ಲ.

ಪ್ಲೆಸೆಂಟನ್‌ನವರಿಗೆ ಫೋನ್ ಮಾಡಿ, ಪರೀಕ್ಷೆಯ ದಿನವೇ ಸಂಜೆ ಜಾಗ ನೋಡಲು ಬರುತ್ತೇವೆಂದು ಹೇಳಿಟ್ಟ. ಬೆರ್ರಿಯೆಸಾದಿಂದ ಅದೇ ಫ್ರೀವೇಯಲ್ಲಿ ಮುಂದಕ್ಕೆ ಹೋದರಾಯಿತು.

ಫೆಬ್ರುವರಿ 20, ಗುರುವಾರ

ಬಟನ್ನುಗಳನ್ನು ಹಸಿರು ಮಾಡಿದೆ. ಮತ್ತೆ ಹಳದಿ ಮಾಡಿದೆ. ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ.

ಫೆಬ್ರುವರಿ 25, ಮಂಗಳವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಪುಟ ಕಟ್ಟುವಾಗ ನಮ್ಮಲ್ಲೊಂದು ಪದ್ಧತಿ. ನಿಜವಾದ ಬರಹ ಬರುವ ಮೊದಲು ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬಿ, ಅಕ್ಷರ ಹೇಗೆ ಕೂರುತ್ತದೆ, ಸಾಲು ಎಲ್ಲಿ ಮುರಿಯುತ್ತದೆ ಎಂದು ನೋಡುತ್ತೇವೆ. ಉದ್ದದ ವಾಕ್ಯ ಬಂದರೆ ಬಟನ್ನು ಒಡೆದುಹೋಗುತ್ತದೋ ಎಂದು ನೋಡಬೇಕಿತ್ತು. ಕನ್ನಡಕ್ಕೆ ಲ್ಯಾಟಿನ್ ತುಂಬಿ ಏನು ಪ್ರಯೋಜನ? ಬಾಯಿಗೆ ಬಂದದ್ದನ್ನು ತುಂಬಿದೆ. ಬಾಯಿಗೆ ಬಂದದ್ದೆಲ್ಲ, ಯಾಕೋ, ಮಾವ ಡಿಸೆಂಬರಿನ ತನಕ ಮನೆ ತುಂಬಾ ಹೇಳುತ್ತಾ ತಿರುಗುತ್ತಿದ್ದ ಮಾತುಗಳೇ. ‘ಉಂಡಿಯೇನವಾ?’ ‘ಲೈಟ್ ಆರ್ಸು.’ ‘ಗಾಡಿ ಹಗೂರ ಹೊಡಿ.’ ‘ಎಷ್ಟೊತ್ತು ಆ ಕಂಪ್ಯೂಟರ್ ಮುಂದ ಕುಂದರ್ತಿ, ಕಣ್ಣು ಹೋಗ್ತಾವ ನೋಡು.’ ಕೊನೆಯದು ಎರಡು ಸಾಲಿಗೆ ಮುರಿದು ಚೆನ್ನಾಗಿಯೇ ಕೂತಿತು. ಟ್ಯಾಬ್ಲೆಟ್ ಟೇಬಲ್ ಮೇಲಿಟ್ಟು ಚಾರ್ಜರ್ ತರಲು ಒಳಗೆ ಹೋದೆ.

“ಉಂಡಿಯೇನವಾ?”

ಸ್ಟೇಷನ್ ಹೆಂಗಸಿನ ದನಿ. ನಾನು ಯೋಚನೆಯೇ ಮಾಡದೆ “ಇಲ್ಲ ಮಾವ, ಇನ್ನೂ ಇಲ್ಲ” ಎಂದು ಒಳಗಿನಿಂದಲೇ ಕೂಗಿಬಿಟ್ಟೆ. ಕೂಗಿದ ಮೇಲೆ ಚಾರ್ಜರನ್ನು ಅಲ್ಲೇ ಬಿಟ್ಟು ಓಡಿದೆ. ಹೊರಗೆ ಬಂದರೆ ಮಾವ ಟ್ಯಾಬ್ಲೆಟ್ಟನ್ನು ಮುಂದಕ್ಕೆಳೆದುಕೊಂಡು ಕೂತಿದ್ದರು. ನನ್ನನ್ನು ನೋಡಿ ಮತ್ತೆ ಅದನ್ನೇ ಒತ್ತಿದರು. ಗಂಟೆ ಎರಡಾಗಿತ್ತು, ನಾನು ನಿಜವಾಗಿಯೂ ಉಂಡಿರಲಿಲ್ಲ. ಅವರಿಗೆ ಬಡಿಸಿ, ಬಾಯಿ ಒರೆಸಿ, ಪಾತ್ರೆ ತೊಳೆದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅದನ್ನು ಅವರು ನೋಡುತ್ತಿದ್ದರು ಎಂದಾಯಿತು. ದಿನವೂ ನೋಡುತ್ತಿದ್ದರೇನೋ.

ತಟ್ಟೆಗೆ ಹಾಕಿಕೊಂಡು ಬಂದು ಅವರ ಎದುರಿಗೇ ಕೂತು ಉಂಡೆ. ಕೊನೆಯ ತುತ್ತಿನ ತನಕ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನಾನು ಸಾರು ಅನ್ನದ ಜೊತೆ ಒಂದಿಷ್ಟು ಕಣ್ಣೀರನ್ನೂ ಉಂಡೆ, ನಾಚಿಕೆ ಏನು ಬಂತು.

ಫೆಬ್ರುವರಿ 26, ಬುಧವಾರ

ಸಂತೋಷ್ ನಂಬಲಿಲ್ಲ. ಬೆರಳು ತಗುಲಿರಬೇಕು, ನೀನು ಬೇಕು ಅಂದುಕೊಂಡಿದ್ದು ನಿನಗೆ ಕಂಡಿದೆ ಎಂದ. ನಾನೂ ಜೋರಾಗಿ ಏನೇನೋ ಅಂದೆ. ಮಾತಾಡಿದ್ದೆಲ್ಲ ಹಾಲ್‌ನಲ್ಲೇ, ಮಾವ ಸೋಫಾದ ಮೇಲೆ.

ಮಾರ್ಚ್ 1, ಶನಿವಾರ

ಸಂತೋಷ್ ಬಾತ್‌ರೂಮಿನಿಂದ ಬಂದು ಫೋನ್ ನೋಡುತ್ತಾ ಕೂತ. “ಲೈಟ್ ಆರ್ಸು” ಎಂದಿತು ಟ್ಯಾಬ್ಲೆಟ್. “ಹೂಂ ಅಪ್ಪಾ” ಎಂದು ಎದ್ದು ಹೋಗಿ ಬಾತ್‌ರೂಮಿನ ಲೈಟ್ ಆರಿಸಿದ. ಆರಿಸಿದವನು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತ. ನಾನು ಬೇಕೆಂದೇ ಆ ಕಡೆ ನೋಡಲಿಲ್ಲ.

ಸಂಜೆ ಅವನೇ ಬಂದು, ಆ ಸ್ಟೇಷನ್ ಹೆಂಗಸಿನ ದನಿ ಚೆನ್ನಾಗಿಲ್ಲ, ನಾನು ಹೇಳಿ ರೆಕಾರ್ಡ್ ಮಾಡಲಾ ಎಂದು ಕೇಳಿದ. ಅಪ್ಪನ ಬೈಗುಳಗಳನ್ನು ಅಪ್ಪನ ಧಾಟಿಯಲ್ಲೇ ಹೇಳುತ್ತಾ ಹೋದ. ಬೆಂಗಳೂರಿನ ಕಾಲೇಜು ಸೇರಿದ ಮೇಲೆ ಬಿಟ್ಟಿದ್ದ ಆ ಕಡೆಯ ಮಾತೆಲ್ಲ ಎಲ್ಲಿ ಅಡಗಿಕೊಂಡಿತ್ತೋ. ಮಾವ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಒಂದು ಕಡೆ ತಪ್ಪು ಹೇಳಿದಾಗ ಅವನ ಮೊಣಕಾಲ ಮೇಲೆ ಹೊಡೆದರು.

ಮಾರ್ಚ್ 6, ಗುರುವಾರ

‘ನೀರು’ ಬಟನ್ನನ್ನು ಯಾಕೆ ಒತ್ತುವುದಿಲ್ಲ ಎಂಬುದು ಇವತ್ತು ಹೊಳೆಯಿತು, ಅದೂ ಚಹಾಕ್ಕೆ ನೀರಿಟ್ಟುಕೊಂಡು ನಿಂತಾಗ. ಇಷ್ಟು ವರ್ಷದಲ್ಲಿ ಇವರು ನನಗೆ ಬೇಕು ಎಂದು ಏನನ್ನೂ ಕೇಳಿದ್ದಿಲ್ಲ. ಚಹಾ ಬೇಕಾದರೆ ಅಡುಗೆಮನೆ ಬಾಗಿಲಿಗೆ ಬಂದು ‘ಚಾ ಕುಡಿತಿಯೇನವಾ?’ ಎನ್ನುತ್ತಿದ್ದರು. ನಾನು ಎರಡು ಲೋಟ ಮಾಡುತ್ತಿದ್ದೆ. ಚಳಿಯಾದರೆ ‘ಥಂಡಿ ಆಗೇತಿ, ಸ್ವೆಟರ್ ಹಾಕ್ಕೋ.’ ನಾನು ಹೀಟರ್ ಹಾಕುತ್ತಿದ್ದೆ. ಹಸಿವಾದರೆ ‘ಸಂತೋಷ ಉಂಡನೇನು?’ ಅವರ ಊರಿನಲ್ಲಿ, ಅವರ ಮನೆಯಲ್ಲಿ ಹಿರಿಯರು ಕೇಳುವ ರೀತಿಯೇ ಅದು. ನಾನು ಆಸ್ಪತ್ರೆಯ ಹಾಳೆ ನೋಡಿಕೊಂಡು ಅವರ ಕೈಗೆ ಬರೀ ಬೇಡುವ ಮಾತು ಕೊಟ್ಟು ಕೂರಿಸಿದ್ದೆ. ಅಷ್ಟೆಲ್ಲ ಬಣ್ಣ ಅಳೆದದ್ದು, ಅಂಚು ತಿದ್ದಿದ್ದು ಯಾತಕ್ಕೆ? ಸಿಟ್ಟು ಬಂತು, ನನ್ನ ಮೇಲೇ.

‘ನೀರು’ ತೆಗೆದು ‘ಚಾ ಕುಡಿತಿಯೇನವಾ?’ ಹಾಕಿದೆ. ಲೋಟದ ಚಿತ್ರ ಅದೇ ಇರಲಿ ಎಂದು ಬಿಟ್ಟೆ. ನಾಲ್ಕು ಗಂಟೆಗೆ ಒತ್ತಿದರು. ಹೂಂ ಮಾವ, ಕುಡಿಯೋಣ ಎಂದೆ. ಇಬ್ಬರೂ ಬಾಲ್ಕನಿಯಲ್ಲಿ ಕೂತು ಕುಡಿದೆವು. ಎದುರಿನ ಗುಡ್ಡ ಹಸಿರಾಗಿದೆ, ಮೇ ಬರುವಷ್ಟರಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ ನೋಡಿ ಎಂದೆಲ್ಲ ಅವರಿಗೆ ಹೇಳಿದೆ. ಆಫೀಸಿನಿಂದ ಏನೋ ಮೇಲ್ ಬಂದಿದೆ, ತೆರೆದಿಲ್ಲ.

ಮಾರ್ಚ್ 12, ಬುಧವಾರ

ಸಾಲಿನ ಕೊನೆಗೆ ಒಂದು ಖಾಲಿ ಬಟನ್ನು ಉಳಿದಿತ್ತು, ಅಂತರ ನೋಡಲು ಇಟ್ಟಿದ್ದು. ಮಾವ ಅದನ್ನೇ ಒತ್ತುತ್ತಿದ್ದಾರೆ. ಒತ್ತಿದರೆ ಏನೂ ಕೇಳಿಸುವುದಿಲ್ಲ, ಮತ್ತೆ ಒತ್ತುತ್ತಾರೆ. ಹೊಸ ಮಾತು ಬೇಕು ಎಂದು ಅರ್ಥ ಮಾಡಿಕೊಂಡೆ. ಒಂದೊಂದೇ ಕೇಳಿದೆ. ಟೀವಿನಾ? ಊರಿಗೆ ಫೋನಾ? ವಾಕಿಂಗಾ? ತಪ್ಪಾದರೆ ನೊಣ ಓಡಿಸುವ ಹಾಗೆ ಎಡಗೈ ಬೀಸುತ್ತಾರೆ. ಎಲ್ಲದಕ್ಕೂ ಬೀಸಿದರು. ನನಗೂ ಹಟ ಬಂದಿದೆ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಪ್ಲೆಸೆಂಟನ್‌ನಿಂದ ಫೋನ್ ಬಂತು. ಸಂತೋಷ್ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಅವರ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದ. ಹೆಚ್ಚೇನೂ ಅರ್ಥವಾಗಲ್ಲ, ಕೆಲವು ಬಟನ್ ಒತ್ತುತ್ತಾರೆ, ಹೌದು, ಡೈಪರ್ ರಾತ್ರಿ ಮಾತ್ರ. ಮಾವ ಖಾಲಿ ಬಟನ್ನನ್ನು ಒತ್ತತೊಡಗಿದರು. ಬೆರಳಿನ ಗೆಣ್ಣು ಬಿಳಿಚುವಷ್ಟು ಒತ್ತಿ ಒತ್ತಿ ತೆಗೆಯುತ್ತಿದ್ದರು. ಕೆಇಬಿಯಲ್ಲಿ ನಿವೃತ್ತಿಯ ತನಕ ಇಂಗ್ಲಿಷಿನಲ್ಲೇ ಪತ್ರ ಬರೆದ ಮನುಷ್ಯ ಎನ್ನುವುದು ಆಗ ನನ್ನ ತಲೆಗೆ ಹೋಯಿತು. ಇದುವರೆಗೂ ಅವರು ಅದನ್ನು ಒತ್ತಿದ್ದು ಯಾವಾಗಲೆಲ್ಲ ಎಂದು ನೆನಪು ಮಾಡಿಕೊಂಡೆ. ಗ್ರೇಸ್‌ಗೆ ನಾನು ಮೊನ್ನೆ ಫೋನ್ ಮಾಡಿದಾಗ. ಊಟದ ಟೇಬಲ್ಲಿನಲ್ಲಿ ನಾವಿಬ್ಬರೂ ಲೆಕ್ಕಾಚಾರ ಹಾಕುವಾಗ.

ಹತ್ತಿರ ಹೋಗಿ ಅವರ ಎಡಗಡೆಗೆ ಕೂತೆ. “ನಿಮ್ಮ ವಿಷಯ ನಿಮ್ಮೆದುರಿಗೇ ಮಾತಾಡ್ತೀವಲ್ಲ, ಅದಾ ಮಾವ?”

ಕೈ ಬೀಸಲಿಲ್ಲ. ಕೈಯನ್ನು ಟ್ಯಾಬ್ಲೆಟ್ಟಿನ ಮೇಲೆ ಅಂಗಾತ ಇಟ್ಟು ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಸಂತೋಷ್ ಫೋನ್ ಕಿವಿಯಿಂದ ಇಳಿಸಿದ್ದ, ಆ ಕಡೆಯವರು ಹಲೋ ಹಲೋ ಅನ್ನುತ್ತಲೇ ಇದ್ದರು.

ಮಾರ್ಚ್ 16, ಭಾನುವಾರ

ಖಾಲಿ ಬಟನ್ನಿಗೆ ನಾನು ‘ನನ್ನ ಎದುರು ನನ್ನ ಬಗ್ಗೆ ಮಾತಾಡಬೇಡಿ’ ಎಂದು ಬರೆದಿದ್ದೆ. ಅಪ್ಪ ಹಿಂಗ ಅನ್ನೂದಿಲ್ಲ ಎಂದು ಸಂತೋಷ್ ತಾನೇ ತಿದ್ದಿದ. ಕೊನೆಗೆ ಇನ್ನೊಂದು ಮಾತನ್ನೂ ಸೇರಿಸಿದ. ರೆಕಾರ್ಡ್ ಮಾಡುವಾಗ ದನಿ ಒಡೆದು ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೂ ಸರಿಯಾಗಿ ಬಂದದ್ದನ್ನು ಕೇಳಿಸಿದಾಗ ಮಾವ ಮಗನ ತಲೆಯ ಮೇಲೆ ಕೈಯಿಟ್ಟು, ಚಿಕ್ಕವರಿಗೆ ಮಾಡುವ ಹಾಗೆ ಕೂದಲು ಹಿಂದಕ್ಕೆ ಸರಿಸಿದರು.

ನಾನು ಅಡುಗೆಮನೆಗೆ ಹೋಗಿ ಜೋಳದ ಹಿಟ್ಟು ಕಲಸಿದೆ. ರೊಟ್ಟಿ ದಪ್ಪ ಆದವು. ಮೂರೂ ಜನ ಕುಂತು ಉಂಡ್ವಿ.

ಮಾರ್ಚ್ 22, ಶನಿವಾರ

ಬರೆಯಲು ಪುರುಸೊತ್ತಾಗುತ್ತಿಲ್ಲ. ಮಾವನ ಜೊತೆ ಕೂತರೆ ಸಂಜೆಯಾಗಿದ್ದೇ ಗೊತ್ತಾಗುವುದಿಲ್ಲ. ಮಿಲ್ಪಿಟಸ್‌ನ ಮರಿತಾಯಮ್ಮ ಎಂಬವರು ಹಗಲು ಬಂದು ನೋಡಿಕೊಳ್ಳುತ್ತಾರಂತೆ, ಬಂದು ಹೋದರು. ಮಾವ ಬಟನ್ ಒತ್ತಿ ಅವರಿಗೆ ‘ಕುಂದ್ರು’ ಎಂದರು.

ಮಾರ್ಚ್ 28, ಶುಕ್ರವಾರ

ಪರೀಕ್ಷೆ ಮುಗಿಯಿತು.

ಗ್ರೇಸ್ ಮೊದಲು ಚಿತ್ರಗಳನ್ನು ಹರಡಿ ತೋರಿಸಿ ಎಂದಳು. ಕೆಲವನ್ನು ಮಾವ ತೋರಿಸಿದರು, ಕೆಲವನ್ನು ಇಲ್ಲ. ಅವಳು ಬಲಗಡೆ ಇಟ್ಟದ್ದನ್ನೆಲ್ಲ ನಾನು ಎಡಕ್ಕೆ ಸರಿಸುತ್ತಾ ಹೋದೆ. ಆಮೇಲೆ ಗ್ರೇಸ್ ಪೆನ್ನು ಹಿಡಿದು ಸಂತೋಷನ ಕಡೆ ತಿರುಗಿ, ಇವರಿಗೆ ತಾವು ಎಲ್ಲಿದ್ದೇವೆಂದು ಗೊತ್ತಾಗುತ್ತದಾ ಎಂದು ಕೇಳಿದಳು. ಸಂತೋಷ್ ಬಾಯಿ ತೆರೆದ. ಅವನ ದನಿ ಬಂದದ್ದು ಟ್ಯಾಬ್ಲೆಟ್ಟಿನಿಂದ.

“ನನ್ನ ಮುಂದ ನನ್ನ ಸುದ್ದಿ ಮಾತಾಡಬ್ಯಾಡ್ರಿ. ನನ್ನ ಕೇಳ್ರಿ.”

ಗ್ರೇಸ್‌ಗೆ ಅರ್ಥವಾಗಲಿಲ್ಲ, ಏನಂದರು ಎಂದು ಕೇಳಿದಳು.  ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಗ್ರೇಸ್ ಕುರ್ಚಿ ಎತ್ತಿಕೊಂಡು ಬಂದು ಮಾವನ ಎಡಗಡೆಗೆ ಹಾಕಿಕೊಂಡು ಕೂತಳು. ಸಾರಿ ಎಂದಳು, ನಮಗಲ್ಲ, ಅವರಿಗೆ. ಮುಂದಿನದನ್ನೆಲ್ಲ ಅವರನ್ನೇ ಕೇಳಿದಳು, ನಾನು ಕನ್ನಡ ಮಾಡಿದೆ. ಬಾಯಾರಿದರೆ ಏನು ಮಾಡುತ್ತೀರಿ ಎಂದದ್ದಕ್ಕೆ ಮಾವ ಅವಳಿಗೇ ‘ಚಾ ಕುಡಿತಿಯೇನವಾ?’ ಒತ್ತಿದರು. ಅದು ಹೇಗೆ ಉತ್ತರವಾಗುತ್ತದೆ ಎಂದು ವಿವರಿಸಿದಾಗ ಗ್ರೇಸ್ ಬಹಳ ಹೊತ್ತು ನಕ್ಕಳು. ಥೆರಪಿ ಮುಂದುವರಿಯುತ್ತದೆ, ಮನೆಯಲ್ಲೂ ಇರಬಹುದು, ಪ್ಲೆಸೆಂಟನ್‌ನಲ್ಲೂ ಇರಬಹುದು, ಅದು ನಿಮ್ಮ ಮನೆಯವರ ತೀರ್ಮಾನ ಎಂದಳು.

ಕಾರಿನಲ್ಲಿ ಮಾವ ಮುಂದೆ, ನಾನು ಹಿಂದೆ. ಮಿಲ್ಪಿಟಸ್ ದಾಟಿದೆವು. ಪ್ಲೆಸೆಂಟನ್‌ನವರು ಐದು ಗಂಟೆಗೆ ಕಾಯುತ್ತಿರುತ್ತಾರೆ. ಮನೆಗಾದರೆ ವಾಷಿಂಗ್ಟನ್ ಬುಲೆವಾರ್ಡಿನಲ್ಲಿ ಫ್ರೀವೇ ಇಳಿಯಬೇಕು, ಪ್ಲೆಸೆಂಟನ್‌ಗಾದರೆ ನೇರ ಹೋಗಬೇಕು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೂತಿದ್ದೆ, ಅದು ನಾನು ಹೇಳುವ ಮಾತಲ್ಲ ಎಂದು.

“ಅಪ್ಪಾ,” ಎಂದ ಸಂತೋಷ್. “ಆ ಜಾಗ ನೋಡಾಕ ಹೋಗೂಣೇನು, ಮನಿಗೆ ಹೋಗೂಣೇನು? ನೀ ಹೇಳು.”

ಅದಕ್ಕೆ ಬಟನ್ನೇ ಇರಲಿಲ್ಲ. ನಾನು ಗಾಬರಿಯಾಗಿ, ಮಾವ, ಟ್ಯಾಬ್ಲೆಟ್ ಇಲ್ಲಿ ಕೊಡಿ, ಎರಡು ಬಟನ್ ಹಾಕಿ ಕೊಡ್ತೀನಿ ಎಂದು ಮುಂದಕ್ಕೆ ಬಗ್ಗಿದೆ. ಮಾವ ಕೊಡಲಿಲ್ಲ. ಅದನ್ನು ತೊಡೆಯ ಮೇಲೆ ಮಗುಚಿ ಹಾಕಿ ರಸ್ತೆ ನೋಡುತ್ತಾ ಕೂತರು. ಒಂದು ಎಕ್ಸಿಟ್ ಹೋಯಿತು, ಇನ್ನೊಂದು ಹೋಯಿತು. ಸಂತೋಷ್ ಮತ್ತೆ ಕೇಳಲಿಲ್ಲ, ಗಾಡಿಯನ್ನು ನಿಧಾನ ಮಾಡಿ ಬಲಗಡೆಯ ಲೇನಿನಲ್ಲೇ ಇಟ್ಟುಕೊಂಡ. ವಾಷಿಂಗ್ಟನ್ ಬುಲೆವಾರ್ಡಿನ ಹಸಿರು ಬೋರ್ಡ್ ತಲೆಯ ಮೇಲೆ ಕಂಡಾಗ ಮಾವ ಎಡಗೈಯಿಂದ ಮಗನ ತೋಳು ತಟ್ಟಿದರು. ಅದೇ ಕೈಯನ್ನು ಎತ್ತಿ, ತಮಗೆ ಕಾಣದ ಬಲಗಡೆಗೆ ತಿರುಗಿಸು ಎಂದು ತೋರಿಸಿದರು. ಎಕ್ಸಿಟ್ ಹತ್ತಿರ ಬರುವ ತನಕ ಕೈ ಇಳಿಸಲಿಲ್ಲ.

ಸಂತೋಷ್ ಇಂಡಿಕೇಟರ್ ಹಾಕಿದ.